ಮೂರು ರಗ್ಗಿನ ಕೆಳಗೆ ಬೆವರಿದ ಕುದುರೆ: ಒಂದು ಪ್ರಕರಣ ಅಧ್ಯಯನ

ದೂರು ಬಂದಿದ್ದು ಬೆನ್ನುನೋವು ಎಂದು. ಹದಿನಾರು ವರ್ಷದ ಹೆಣ್ಣು ಕುದುರೆ, ವೆಲ್ಶ್ ಕಾಬ್ ತಳಿ. ಜೀನು ಹಿಡಿದು ಹತ್ತಿರ ಹೋದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ಹುಲ್ಲುಗಾವಲಿಗೆ ಬಿಟ್ಟರೆ ಗೇಟಿನ ಪಕ್ಕವೇ ನಿಂತಿರುತ್ತದೆ, ಬೇರೆ ಕುದುರೆಗಳ ಜೊತೆ ಸೇರುವುದಿಲ್ಲ. ಸವಾರಿ ಶುರುವಾಗಿ ಹತ್ತು ನಿಮಿಷಕ್ಕೆಲ್ಲ ಕುತ್ತಿಗೆ ತುಂಬ ಬೆವರು. ಜೀನಿನ ಅಳತೆ ನೋಡುವವರನ್ನು ಕರೆಸಿದ್ದಾಯಿತು, ಜೀನು ಸರಿಯಾಗೇ ಇತ್ತು. ಬೆನ್ನು ನೀವುವ ಫಿಸಿಯೋ ಕೂಡ ಬಂದು ಹೋದರು. ಎಲ್ಲ ಮುಗಿದ ಮೇಲೆ ಡಾಕ್ಟರ ನೆನಪು.

ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಈಗ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕುದುರೆಗಳನ್ನೇ ಹೆಚ್ಚಾಗಿ ನೋಡುತ್ತೇನೆ. ಮಾಲೀಕರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕುದುರೆಯನ್ನು ಬ್ರ್ಯಾಂಬಲ್ ಎನ್ನೋಣ.

ಡಿಸೆಂಬರ್ ಮೊದಲ ವಾರ. ಬಿಸಿಲಿತ್ತು, ಗಾಳಿ ಇರಲಿಲ್ಲ, ಲಾಯದ ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ಬ್ರ್ಯಾಂಬಲ್ ಮೈಮೇಲೆ ಮೂರು ಪದರ. ಒಳಗೆ ಫ್ಲೀಸ್ ರಗ್ಗು, ಅದರ ಮೇಲೆ 200 ಗ್ರಾಮಿನ ಲೈನರ್, ಎಲ್ಲಕ್ಕಿಂತ ಹೊರಗೆ ಕುತ್ತಿಗೆಯನ್ನೂ ಸೇರಿಸಿ ಮುಚ್ಚುವ 200 ಗ್ರಾಮಿನ ವಾಟರ್‌ಪ್ರೂಫ್ ರಗ್ಗು. ಕಿವಿಯ ಹಿಂಭಾಗದಿಂದ ಬಾಲದ ಬುಡದವರೆಗೆ ಕುದುರೆಯ ಮೈ ಕಾಣುತ್ತಲೇ ಇರಲಿಲ್ಲ.

ಈ ಗ್ರಾಂ ಲೆಕ್ಕ

ನಮ್ಮ ಕಡೆಯ ಓದುಗರಿಗೆ ಇದು ಹೊಸದಿರಬಹುದು. ಬ್ರಿಟನ್ನಿನಲ್ಲಿ ಕುದುರೆಯ ರಗ್ಗು ಎಂದರೆ ಅದೇ ಒಂದು ದೊಡ್ಡ ಪ್ರಪಂಚ. ಹೊರಗೆ ಬಿಡುವಾಗ ಹಾಕುವುದು ಬೇರೆ, ಲಾಯದೊಳಗೆ ಹಾಕುವುದು ಬೇರೆ, ಬೆವರು ಹೀರುವುದಕ್ಕೆ ಬೇರೆ, ನೊಣಕ್ಕೆ ಬೇರೆ. ಎಷ್ಟು ಬೆಚ್ಚಗಿನದು ಎಂದು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ: 0, 50, 100, 200, 300, 400. ಇದು ಇಡೀ ರಗ್ಗಿನ ತೂಕ ಅಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಳಗೆ ತುಂಬಿರುವ ಪಾಲಿಯೆಸ್ಟರ್ ಅರಳೆಯ ತೂಕ. 0 ಎಂದರೆ ಬರೀ ಮಳೆ ಕೋಟು. 400 ಎಂದರೆ ದಪ್ಪ ರಜಾಯಿ. ಬ್ರ್ಯಾಂಬಲ್ ಮೈಮೇಲಿದ್ದ ಲೈನರ್ ಮತ್ತು ಹೊರ ರಗ್ಗನ್ನು ಕೂಡಿದರೇ 400 ಆಯಿತು, ಫ್ಲೀಸ್ ಅದರ ಮೇಲೆ ಸೇರಬೇಕು. ಈ ಮೂರನ್ನೂ ಹೊತ್ತಿದ್ದು ವೇಲ್ಸ್‌ನ ಗುಡ್ಡಗಳಲ್ಲಿ ಗಾಳಿ ಮಳೆ ತಿಂದು ಬೆಳೆದ ತಳಿ.

ಮಾಲೀಕರು ಒಳ್ಳೆಯ ಹೆಂಗಸು. ಕುದುರೆ ಎಂದರೆ ಪ್ರಾಣ. ಬೆಳಿಗ್ಗೆ ಆರೂವರೆಗೆ, ಕತ್ತಲಿರುವಾಗಲೇ ಯಾರ್ಡಿಗೆ, ಅಂದರೆ ಕುದುರೆ ಇಟ್ಟಿರುವ ಬಾಡಿಗೆ ಲಾಯಕ್ಕೆ, ಬಂದು ಲದ್ದಿ ಬಾಚಿ, ಮೇವು ಹಾಕಿ, ಕೆಲಸಕ್ಕೆ ಓಡುತ್ತಾರೆ. ಮತ್ತೆ ಬರುವುದು ಸಂಜೆ ಕತ್ತಲಾದ ಮೇಲೆ. ಅಂದರೆ ಅವರು ಕುದುರೆಯನ್ನು ನೋಡುವ ಎರಡೂ ಹೊತ್ತು ದಿನದ ಅತಿ ಚಳಿಯ ಹೊತ್ತು. ಬೆಳಿಗ್ಗೆ 3 ಡಿಗ್ರಿಗೆ ಹಾಕಿದ ರಗ್ಗು ಮಧ್ಯಾಹ್ನ 12 ಡಿಗ್ರಿ ಬಿಸಿಲಿನಲ್ಲೂ ಹಾಗೇ ಇರುತ್ತದೆ. ನಡುವೆ ಬದಲಿಸಬೇಕಾದರೆ ಯಾರ್ಡಿನವರಿಗೆ ಪ್ರತಿ ಸಲಕ್ಕೂ ದುಡ್ಡು ಕೊಡಬೇಕು. ಇಂಥ ಬಾಡಿಗೆ ಲಾಯಗಳಲ್ಲಿ ಇನ್ನೊಂದು ಒತ್ತಡ ಇದೆ. ಪಕ್ಕದ ಲಾಯದ ಕುದುರೆಗೆ ರಗ್ಗು ಬಿತ್ತು ಎಂದರೆ, ಹಾಕದವರು ಕ್ರೂರಿಗಳು ಎಂಬ ಹಾಗೆ ನೋಟ ಬೀಳುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಒಬ್ಬರು ಶುರು ಮಾಡಿದರೆ ಹದಿನೈದು ದಿನದಲ್ಲಿ ಇಡೀ ಸಾಲು ರಗ್ಗು ಹೊದ್ದಿರುತ್ತದೆ.

ರಗ್ಗು ತೆಗೆದಾಗ

ಮೊದಲು ಬಿಚ್ಚದೆ, ಎದೆಯ ಹತ್ತಿರದ ಬಕಲ್ ಸಡಿಲಿಸಿ, ಹೆಗಲ ದಿಬ್ಬದ ಹಿಂದಕ್ಕೆ ಕೈ ತೂರಿಸಿದೆ. ಕೈ ಒದ್ದೆಯಾಗಿ ಬಂತು. ಬಿಸಿ, ಒದ್ದೆ, ಜೊತೆಗೆ ಮುಗ್ಗಲು ವಾಸನೆ. ಮಾಲೀಕರ ಕೈಯನ್ನೂ ಅಲ್ಲೇ ಇಡಿಸಿದೆ. ಅವರು ಇಷ್ಟು ದಿನ ನೋಡುತ್ತಿದ್ದದ್ದು ಕಿವಿ ಮುಟ್ಟಿ. ಕಿವಿ ತಣ್ಣಗಿದೆ ಎಂದರೆ ಕುದುರೆಗೆ ಚಳಿ ಎಂದು ಒಂದೊಂದಾಗಿ ಪದರ ಏರಿಸಿದ್ದರು. ಕಿವಿಗೆ ಹೋಗುವ ರಕ್ತವನ್ನು ಕುದುರೆಯ ಮೈ ಬೇಕೆಂದಾಗ ಕಡಿಮೆ ಮಾಡುತ್ತದೆ, ಬೇಕೆಂದಾಗ ಜಾಸ್ತಿ ಮಾಡುತ್ತದೆ. ಒಳಗೆಲ್ಲ ಬೆಚ್ಚಗಿದ್ದರೂ ಕಿವಿ ತಣ್ಣಗಿರಬಹುದು.

ಮೂರೂ ಪದರ ತೆಗೆದಾಗ ಬೆನ್ನಿನಿಂದ ಹಬೆ ಎದ್ದಿತು. ಉಸಿರು ನಿಮಿಷಕ್ಕೆ 26. ಸುಮ್ನೆ ನಿಂತ ಕುದುರೆಗೆ 8ರಿಂದ 16 ಇರಬೇಕು. ಮೈ ಶಾಖ 38.4, ಅಂದರೆ ಸರಿಯಾದ ಮಿತಿಯ ಮೇಲ್ತುದಿ. ಜ್ವರ ಎನ್ನುವ ಹಾಗಿಲ್ಲ. ರಗ್ಗು ತೆಗೆದು ಅರ್ಧ ಗಂಟೆ ಬಿಟ್ಟು ಎಣಿಸಿದರೆ ಉಸಿರು 14ಕ್ಕೆ ಇಳಿದಿತ್ತು. ಈ ಒಂದು ಅಂಕಿ ಮಾಲೀಕರನ್ನು ಅಲ್ಲಾಡಿಸಿದಷ್ಟು ನನ್ನ ಮಾತು ಯಾವುದೂ ಅಲ್ಲಾಡಿಸಲಿಲ್ಲ.

ಬೆನ್ನುನೋವಿನ ಗುಟ್ಟು ಅಲ್ಲೇ ಇತ್ತು. ಬೆನ್ನಿನ ಎರಡೂ ಪಕ್ಕ, ಜೀನು ಕೂರುವ ಜಾಗದಲ್ಲೇ, ಕೂದಲು ಅಲ್ಲಲ್ಲಿ ಗಂಟುಗಟ್ಟಿ ನಿಂತಿತ್ತು. ಬೆರಳಿನಿಂದ ಸವರಿದರೆ ಕೂದಲ ಬುಡದಲ್ಲಿ ಗಟ್ಟಿ ಹಕ್ಕಳೆಗಳು ಸಿಗುತ್ತಿದ್ದವು. ಒಂದನ್ನು ಮೆಲ್ಲಗೆ ಎತ್ತಿದರೆ ಕೂದಲ ಕುಚ್ಚೇ ಬುಡಸಮೇತ ಕೈಗೆ ಬಂತು. ಕೆಳಗೆ ತೇವವಾದ ಗುಲಾಬಿ ಚರ್ಮ, ಹಕ್ಕಳೆಯ ಒಳಮೈಯಲ್ಲಿ ತೆಳು ಕೀವು. ಬ್ರ್ಯಾಂಬಲ್ ನೋವಿಗೆ ಬೆನ್ನು ತಗ್ಗಿಸಿ ಹಿಂದಕ್ಕೆ ಸರಿಯಿತು. ಇದರ ಮೇಲೆ ಜೀನು ಹಾಕಿ, ಅದರ ಮೇಲೆ ಮನುಷ್ಯ ಕೂತರೆ ಯಾವ ಕುದುರೆ ತಾನೇ ಸುಮ್ಮನಿದ್ದೀತು?

ಹಕ್ಕಳೆಯನ್ನು ನೀರಿನಲ್ಲಿ ಮೆತ್ತಗೆ ಮಾಡಿ, ಗಾಜಿನ ಮೇಲೆ ಒತ್ತಿ, ಬಣ್ಣ ಹಾಕಿ ನೋಡಿದೆವು. ದುಂಡನೆಯ ಬ್ಯಾಕ್ಟೀರಿಯಾ ಎರಡೆರಡು ಸಾಲಾಗಿ, ರೈಲು ಹಳಿಗಳ ಹಾಗೆ ಹೋಗಿದ್ದವು. ಡರ್ಮಟೋಫಿಲಸ್ ಕಾಂಗೊಲೆನ್ಸಿಸ್. ಇಲ್ಲಿನವರು ಈ ಕಾಯಿಲೆಗೆ ರೇನ್ ಸ್ಕಾಲ್ಡ್ ಎನ್ನುತ್ತಾರೆ. ವಾರಗಟ್ಟಲೆ ಮಳೆಯಲ್ಲಿ ನೆನೆದ ಕುದುರೆಗೆ ಬರುವುದು ವಾಡಿಕೆ. ಬ್ರ್ಯಾಂಬಲ್ ಮೈಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಈ ಬ್ಯಾಕ್ಟೀರಿಯಾಕ್ಕೆ ಮಳೆಯೇ ಆಗಬೇಕೆಂದಿಲ್ಲ. ಚರ್ಮ ಬಹಳ ಹೊತ್ತು ತೇವವಾಗಿ, ಬೆಚ್ಚಗೆ, ಗಾಳಿಯಾಡದೆ ಇದ್ದರೆ ಸಾಕು. ಬೆವರೂ ನೀರೇ ಅಲ್ವಾ.

ಎರಡೂ ಭುಜದ ಮುಂಭಾಗದಲ್ಲಿ ರಗ್ಗು ತಿಕ್ಕಿ ಕೂದಲು ಹೋಗಿತ್ತು. ಹೆಗಲ ದಿಬ್ಬದ ಮೇಲೆ, ಮೂರು ರಗ್ಗಿನ ಭಾರ ಬೀಳುವ ಜಾಗದಲ್ಲಿ, ಬಿಳಿ ಕೂದಲ ಒಂದು ಮಚ್ಚೆ. ಅದು ಹಳೆಯದು, ಹಿಂದಿನ ಚಳಿಗಾಲಗಳ ಗುರುತು. ಹೇನು ಇದೆಯೇ ಎಂದು ಜೂಲಿನ ಬುಡದಲ್ಲಿ ಹುಡುಕಿದೆ, ಇರಲಿಲ್ಲ.

ಚಳಿ ಯಾರಿಗೆ

"ನನಗೇ ಎರಡು ಜಾಕೆಟ್ ಸಾಲುವುದಿಲ್ಲ, ಅದು ಬರೀ ಮೈಯಲ್ಲಿ ಹೇಗಿರುತ್ತೆ?" ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಡೀ ಪ್ರಕರಣದ ಬೇರು ಈ ಪ್ರಶ್ನೆಯಲ್ಲೇ ಇದೆ.

ಕುದುರೆಯ ಚಳಿ ಮತ್ತು ನಮ್ಮ ಚಳಿ ಒಂದೇ ಅಲ್ಲ. ಮೈಯನ್ನು ಬೆಚ್ಚಗಿಡಲು ಅಥವಾ ತಂಪಾಗಿಡಲು ವಿಶೇಷ ಕಷ್ಟಪಡಬೇಕಿಲ್ಲದ ಹವೆ ಎಂದು ಒಂದಿದೆ. ಬಟ್ಟೆ ಇಲ್ಲದ ಮನುಷ್ಯನಿಗೆ ಅದು 25 ಡಿಗ್ರಿಗಿಂತ ಮೇಲೆ ಶುರುವಾಗುತ್ತದೆ. ಕುದುರೆಗೆ ಸಾಮಾನ್ಯವಾಗಿ 5ರಿಂದ 25 ಡಿಗ್ರಿ ಎನ್ನುತ್ತಾರೆ. ಅದೂ ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಎಲ್ಲಿ ಬೆಳೆದಿದೆ, ಮೈಮೇಲೆ ಎಷ್ಟು ಕೂದಲಿದೆ, ಎಷ್ಟು ಮೇಯುತ್ತಿದೆ ಎನ್ನುವುದರ ಮೇಲೆ ಹೋಗುತ್ತದೆ. ಕೆನಡಾದ ಚಳಿಗೆ ಒಗ್ಗಿದ ದೊಡ್ಡ ಕುದುರೆಗಳಲ್ಲಿ ಕೆಳಗಿನ ಮಿತಿ ಮೈನಸ್ 15ರ ಆಸುಪಾಸು ಇದೆ. ರಷ್ಯಾದ ಯಾಕೂಟಿಯಾದಲ್ಲಿ ಕುದುರೆಗಳು ಮೈನಸ್ 50 ಡಿಗ್ರಿಯಲ್ಲಿ, ಹೊರಗೆ, ಹಿಮ ಕೆದಕಿ ಹುಲ್ಲು ತಿಂದು ಬದುಕುತ್ತವೆ. ನಮ್ಮ ಲಡಾಖಿನ ಝನ್ಸ್ಕಾರಿ ಕುದುರೆಗಳದ್ದೂ ಚಳಿಗೆ ಒಗ್ಗಿದ ಜಾತಿಯೇ.

ಇದಕ್ಕೆ ಕುದುರೆಯ ಬಳಿ ಇರುವ ಸಲಕರಣೆ ಏನು? ಮೊದಲನೆಯದು ಮೈಗೂದಲು. ಚಳಿಯಾದಾಗ ಪ್ರತಿ ಕೂದಲ ಬುಡದ ಸಣ್ಣ ಸ್ನಾಯು ಬಿಗಿದು ಕೂದಲು ನೆಟ್ಟಗಾಗುತ್ತದೆ, ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಹೊದಿಕೆ. ಎಕ್ಸ್‌ಮೂರ್ ಪೋನಿಗಳಲ್ಲಿ ಎರಡು ಪದರದ ಕೂದಲೇ ಬರುತ್ತದೆ, ಒಳಗೆ ಉಣ್ಣೆಯಂಥದು, ಹೊರಗೆ ಜಿಡ್ಡಿನ ಉದ್ದ ಕೂದಲು. ಅವುಗಳ ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಕೂತಿರುತ್ತದೆ, ಏಕೆಂದರೆ ಒಳಗಿನ ಬಿಸಿ ಹೊರಗೆ ಬರುತ್ತಲೇ ಇಲ್ಲ. ಇಂಥ ಕೂದಲ ಮೇಲೆ ತೆಳುವಾದ ರಗ್ಗು ಹಾಕಿದರೆ ಕೂದಲು ಚಪ್ಪಟೆಯಾಗಿ ಒಳಗಿನ ಗಾಳಿ ಹೋಗುತ್ತದೆ. ಕುದುರೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಕೆಡಿಸಿ, ಅದಕ್ಕಿಂತ ಕೀಳಾದದ್ದನ್ನು ನಾವು ಕೊಟ್ಟ ಹಾಗೆ.

ಎರಡನೆಯದು ಹೊಟ್ಟೆ. ಕುದುರೆ ತಿಂದ ಒಣಹುಲ್ಲು ಹಿಂಗರುಳಿನಲ್ಲಿ, ಅಂದರೆ ಸೀಕಮ್ ಮತ್ತು ದೊಡ್ಡ ಕರುಳಿನಲ್ಲಿ, ಹುದುಗುತ್ತದೆ. ಹುದುಗುವಾಗ ಬಿಸಿ ಹುಟ್ಟುತ್ತದೆ. ಚಳಿ ರಾತ್ರಿಗೆ ಇನ್ನೊಂದು ರಗ್ಗಿಗಿಂತ ಇನ್ನೊಂದಿಷ್ಟು ಹುಲ್ಲು ಮೇಲು ಎಂದು ಇಲ್ಲಿನ ಹಳಬರು ಹೇಳುವುದು ಅದಕ್ಕೇ. ಮೂರನೆಯದು ಗಾತ್ರ. 500 ಕೆಜಿ ತೂಕದ ಪ್ರಾಣಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಕಡಿಮೆ, ಶಾಖ ನಿಧಾನಕ್ಕೆ ಹೋಗುತ್ತದೆ. ಹಾಗಾಗಿ ಅದಕ್ಕೆ ನಿಜವಾಗಿ ಕಷ್ಟ ಕೊಡುವುದು ಬರೀ ಚಳಿಯಲ್ಲ. ಜಡಿಮಳೆಯ ಜೊತೆ ಗಾಳಿ ಸೇರಿದಾಗ, ಮರೆಗೆ ಹೋಗಲು ಜಾಗವಿಲ್ಲದಾಗ. ಕೂದಲು ಪೂರ್ತಿ ನೆನೆದರೆ ಒಳಗೆ ಗಾಳಿ ನಿಲ್ಲುವುದಿಲ್ಲ. ಚಳಿಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಜನವರಿ ರಾತ್ರಿ 15-16 ಡಿಗ್ರಿ. ಕುಣಿಗಲ್ ಸ್ಟಡ್ ಫಾರ್ಮಿನ ಕಡೆಯ ಚಳಿಗಾಲವೂ ಯಾರ್ಕ್‌ಶೈರ್ ಕುದುರೆಗೆ ಒಳ್ಳೆಯ ಬೇಸಿಗೆ. ನಮ್ಮಲ್ಲಿ ಸಾಕುವ, ರೇಸಿಗೆ ಓಡುವ ತೆಳುಗೂದಲ ಥರೋಬ್ರೆಡ್‌ಗಳ ಲೆಕ್ಕ ಸ್ವಲ್ಪ ಬೇರೆ, ಅವು ಸೆಕೆಗೆ ಒಗ್ಗಿರುತ್ತವೆ. ಆದರೂ ಸ್ವೆಟರ್ ಹಾಕಿಕೊಂಡ ಮನುಷ್ಯ ತನ್ನ ಚಳಿಯನ್ನು ಕುದುರೆಗೆ ಹೊದಿಸುವುದು ಎಲ್ಲ ಕಡೆಯೂ ಒಂದೇ.

ಸುತ್ತಿ ಸುತ್ತಿ ಅಲ್ಲಿಗೇ

ಬ್ರ್ಯಾಂಬಲ್ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲ ಅನ್ನಿಸಿದ್ದು ಇದು. ಸೆಪ್ಟೆಂಬರ್‌ನಲ್ಲೇ ರಗ್ಗು ಹಾಕಿದ್ದು, ಚಳಿಗಾಲದ ದಪ್ಪ ಕೂದಲು ಬರದಿರಲಿ ಎಂದು. ಕೂದಲು ಬಂದೇ ಬಂತು. ಕುದುರೆಯ ಮೈ ಮುಖ್ಯವಾಗಿ ನೋಡುವುದು ಥರ್ಮಾಮೀಟರನ್ನಲ್ಲ, ಹಗಲಿನ ಉದ್ದವನ್ನು. ಹಗಲು ಕುಗ್ಗುವುದನ್ನು ಕಣ್ಣು ಗುರುತಿಸುತ್ತದೆ, ಮೆಲಟೋನಿನ್ ಏರುತ್ತದೆ, ಚಳಿಗೂದಲು ಹುಟ್ಟುತ್ತದೆ. ರಗ್ಗಿನಿಂದ ಅದು ತುಸು ತೆಳುವಾಗಬಹುದೇನೋ, ನಿಲ್ಲುವುದಿಲ್ಲ.

ಹಾಗೆ ಬಂದ ದಪ್ಪ ಕೂದಲಿನ ಮೇಲೆ ರಗ್ಗು. ಅಕ್ಟೋಬರ್‌ನಲ್ಲಿ ಸವಾರಿಗೆ ಕರೆದೊಯ್ದರೆ ಸಿಕ್ಕಾಪಟ್ಟೆ ಬೆವರು. ಇಷ್ಟು ಬೆವರುತ್ತೆ, ಕ್ಲಿಪ್ ಮಾಡಿಸೋಣ ಎಂದು ಯಾರೋ ಅಂದರು. ಕುತ್ತಿಗೆಯ ಕೆಳಗೆ, ಹೊಟ್ಟೆಯ ಪಕ್ಕಕ್ಕೆ ಕೂದಲು ಬೋಳಿಸುವ ಟ್ರೇಸ್ ಕ್ಲಿಪ್ ಮಾಡಿಸಿದರು. ಕೂದಲು ತೆಗೆದ ಮೇಲೆ ಪಾಪ ಚಳಿಯಾಗುತ್ತೆ ಎಂದು ಲೈನರ್ ಬಂತು. ಲೈನರ್ ಮೇಲೆ ಮತ್ತೆ ಬೆವರು, ಆ ಬೆವರನ್ನು ಹೀರಲಿ ಎಂದು ಒಳಗೆ ಫ್ಲೀಸ್ ಬಂತು. ಒದ್ದೆಯಾದ ಫ್ಲೀಸ್ ರಾತ್ರಿಗೆ ತಣ್ಣಗಾಯಿತು, ಕುದುರೆ ಒಮ್ಮೆ ನಡುಗಿತು, ಕುತ್ತಿಗೆಯ ಹೊದಿಕೆ ಸೇರಿತು. ಕೇಳಿದರೆ ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ, ಪ್ರತಿ ಕಾರಣವೂ ಒಪ್ಪುವಂಥದ್ದೇ.

ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಮೆಲ್ಲಗೆ ಓಡುವ ಕುದುರೆಗೆ ಕ್ಲಿಪ್ ಬೇಕಾಗಿರಲೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ದಿನಾ ಗಟ್ಟಿ ಕೆಲಸ ಮಾಡುವ ಕುದುರೆಯ ಮಾತು ಬೇರೆ. ಅದಕ್ಕೆ ಕೂದಲು ತೆಗೆಯಲೇಬೇಕು, ತೆಗೆದ ಮೇಲೆ ರಗ್ಗೂ ಬೇಕು.

ಕೊಬ್ಬು ಕಾಣಲಿಲ್ಲ

ಚರ್ಮದ ಕಾಯಿಲೆ ವಾಸಿಯಾಗುವಂಥದ್ದು. ನನಗೆ ಗಾಬರಿಯಾಗಿದ್ದು ಕುತ್ತಿಗೆಯನ್ನು ನೋಡಿ. ಜೂಲಿನ ಕೆಳಗಿನ ದಿಬ್ಬ ಗಟ್ಟಿಯಾಗಿ, ದಪ್ಪಗಾಗಿ, ಹಿಡಿದು ಅಲ್ಲಾಡಿಸಿದರೆ ಒಟ್ಟಿಗೇ ಅಲ್ಲಾಡುತ್ತಿತ್ತು. ಪಕ್ಕೆಲುಬು ಬೆರಳಿಗೆ ಸಿಗಬೇಕಾದರೆ ಬಲವಾಗಿ ಒತ್ತಬೇಕು. ಬಾಲದ ಬುಡದಲ್ಲಿ ಮೆತ್ತನೆಯ ಕೊಬ್ಬಿನ ದಿಂಡು. ಬ್ರಿಟನ್ನಿನಲ್ಲಿ ಬಳಸುವ 0ಯಿಂದ 5ರ ಅಳತೆಯಲ್ಲಿ 4 ಕೊಟ್ಟೆ, 3 ಇರಬೇಕಿತ್ತು. ಟೇಪು ಸುತ್ತಿ ನೋಡಿದರೆ ಸುಮಾರು 540 ಕೆಜಿ. ಈ ಎತ್ತರದ ಈ ಕುದುರೆಗೆ 450ರಿಂದ 470 ಸಾಕು.

ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ. ಸೆಪ್ಟೆಂಬರ್‌ನಿಂದ ಅವರು ಕುದುರೆಯ ಮೈಯನ್ನು ಹಗಲು ಬೆಳಕಿನಲ್ಲಿ ಪೂರ್ತಿ ನೋಡಿಯೇ ಇಲ್ಲ. ರಗ್ಗು ಬದಲಿಸುವುದು ಕತ್ತಲಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು. ನನ್ನ ಲೆಕ್ಕದಲ್ಲಿ ಜಾಸ್ತಿ ರಗ್ಗಿನ ಅತಿ ದೊಡ್ಡ ಅಪಾಯ ಸೆಕೆಯಲ್ಲ, ಈ ಕಾಣದಿರುವಿಕೆ. ಸೆಕೆಯಾದರೆ ಕುದುರೆ ಬೆವರುತ್ತದೆ, ಇವತ್ತೋ ನಾಳೆಯೋ ಯಾರಾದರೂ ಗಮನಿಸುತ್ತಾರೆ. ರಗ್ಗಿನಡಿ ಏರುವ ಕೊಬ್ಬು, ಇಳಿಯುವ ಮಾಂಸ, ಹುಟ್ಟುವ ಹುಣ್ಣು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುದಿ ಕುದುರೆ ರಗ್ಗಿನಡಿಯಲ್ಲೇ ಎಲುಬುಗೂಡಾದ ಉದಾಹರಣೆಗಳೂ ಇವೆ. ಅಲ್ಲಿ ರಗ್ಗು ಹಾಕಿದ್ದು ಸರಿ, ದಿನಾ ತೆಗೆದು ನೋಡದಿದ್ದದ್ದು ತಪ್ಪು.

ರಗ್ಗೇ ಬೊಜ್ಜು ತಂದಿತು ಎಂದು ಹೇಳುವುದೂ ಸರಿಯಲ್ಲ. ಬೊಜ್ಜು ತಂದಿದ್ದು ಬಕೆಟ್ಟು. ಹೊಟ್ಟೆ ತುಂಬ ಹೇಲೇಜ್ (ಅರೆ ಒಣಗಿಸಿ, ಗಾಳಿಯಾಡದಂತೆ ಸುತ್ತಿಟ್ಟ ಹುಲ್ಲು), ಅದರ ಮೇಲೆ ದಿನಕ್ಕೆ ಎರಡು ಸಲ "ಚಳಿಗಾಲಕ್ಕೆ ಬೆಚ್ಚಗಿನ" ಸಿಹಿ ಮಿಕ್ಸು. ಆದರೆ ಗುಡ್ಡಗಾಡಿನ ದೇಶಿ ತಳಿಗಳ ಮೈಯ ಕ್ರಮ ಹೇಗೆಂದರೆ, ಬೇಸಿಗೆಯಲ್ಲಿ ತಿಂದು ಕೊಬ್ಬು ಕೂಡಿಸುವುದು, ಚಳಿಗಾಲದಲ್ಲಿ ಮೈ ಬೆಚ್ಚಗಿಡಲು ಅದನ್ನು ಕರಗಿಸುವುದು, ವಸಂತಕ್ಕೆ ತೆಳ್ಳಗಾಗುವುದು. ಚಳಿಯನ್ನೇ ತೆಗೆದುಬಿಟ್ಟರೆ ಈ ಕರಗಿಸುವ ಕೆಲಸ ನಡೆಯುವುದಿಲ್ಲ. ಒಂದು ವರ್ಷದ ಕೊಬ್ಬಿನ ಮೇಲೆ ಇನ್ನೊಂದು ವರ್ಷದ್ದು ಕೂರುತ್ತದೆ.

ಹೀಗೆ ಕೂತ ಕೊಬ್ಬು ಕಾಲಿಗೆ ಬರುತ್ತದೆ. ಬ್ರ್ಯಾಂಬಲ್‌ಳನ್ನು ಜಲ್ಲಿ ಹಾದಿಯಲ್ಲಿ ನಡೆಸಿದಾಗ ಮುಂಗಾಲುಗಳನ್ನು ಚುರುಕಾಗಿ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ಎತ್ತುತ್ತಿತ್ತು. ತಿರುಗುವಾಗ ತಡವರಿಸಿತು. ಗೊರಸು ಬಿಸಿ, ಗೊರಸಿನ ಮೇಲಿನ ನಾಡಿ ಜೋರಾಗಿ ಬಡಿಯುತ್ತಿತ್ತು. ಲ್ಯಾಮಿನೈಟಿಸ್, ಶುರುವಿನ ಹಂತ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರ ಸಡಿಲವಾಗುವ ಕಾಯಿಲೆ. ಬಿಟ್ಟರೆ ಮೂಳೆ ತಿರುಗಿ ಪಾದದ ತಳಕ್ಕೆ ಇಳಿಯುತ್ತದೆ. ಆ ಹಂತಕ್ಕೆ ಹೋದ ಎಷ್ಟೋ ಕುದುರೆಗಳಿಗೆ ಕೊನೆಗೆ ದಯಾಮರಣವೇ ಗತಿ. ಗೇಟಿನ ಪಕ್ಕ ನಿಂತೇ ಇರುತ್ತಿದ್ದದ್ದು ಮಂಕಿನಿಂದಲ್ಲ, ನಡೆದರೆ ನೋವಾಗುತ್ತಿದ್ದುದರಿಂದ.

ರಕ್ತದಲ್ಲಿ ಇನ್ಸುಲಿನ್ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಇನ್ಸುಲಿನ್ ಒಂದೇ ಸಾಕು ಲ್ಯಾಮಿನೈಟಿಸ್ ತರಲು ಎಂದು 2007ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸಂಶೋಧಕರು ತೋರಿಸಿದ್ದಾರೆ. ಆರೋಗ್ಯವಾಗಿದ್ದ ಪೋನಿಗಳ ರಕ್ತದಲ್ಲಿ ಇನ್ಸುಲಿನ್ ಅನ್ನು ಬಹಳ ಹೊತ್ತು ಏರಿಸಿ ಇಟ್ಟಾಗ ಅವುಗಳಿಗೆ ಲ್ಯಾಮಿನೈಟಿಸ್ ಬಂತು. ಹದಿನಾರು ವರ್ಷದ ಕುದುರೆ, ಬೆವರು ಬೇರೆ ಜಾಸ್ತಿ. ಹಾಗಾಗಿ ವಯಸ್ಸಾದ ಕುದುರೆಗಳಿಗೆ ಬರುವ ಹಾರ್ಮೋನಿನ ತೊಂದರೆ, ಕುಶಿಂಗ್ ಕಾಯಿಲೆ, ಇರಬಹುದೇ ಎಂದೂ ನೋಡಬೇಕಿತ್ತು. ಅದರ ಎಸಿಟಿಎಚ್ ಪರೀಕ್ಷೆ ಸರಿಯಾಗಿ ಬಂತು. ಈ ಹಾರ್ಮೋನು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಲ್ಲ ಕುದುರೆಗಳಲ್ಲೂ ತಾನಾಗಿ ಏರುತ್ತದೆ, ಹಾಗಾಗಿ ತಿಂಗಳು ನೋಡಿ ಓದಬೇಕು.

ಏನು ಮಾಡಿದೆವು

ಫ್ಲೀಸ್ ಅದೇ ಕ್ಷಣ ಹೋಯಿತು. ಕುತ್ತಿಗೆ ಹೊದಿಕೆಯೂ. ಕ್ಲಿಪ್ ಮಾಡಿಸಿದ್ದರಿಂದ ಎಲ್ಲವನ್ನೂ ಒಂದೇ ದಿನ ಕಿತ್ತುಹಾಕುವಂತಿರಲಿಲ್ಲ. ಕೆಲವು ದಿನ ಒಂದೇ ರಗ್ಗು, ಆಮೇಲೆ 50 ಗ್ರಾಮಿನದು, ಆಮೇಲೆ ಮಳೆ ಗಾಳಿ ಒಟ್ಟಿಗೆ ಇದ್ದಾಗ ಮಾತ್ರ 0 ಗ್ರಾಮಿನ ಮಳೆ ಕೋಟು. ಲಾಯದೊಳಗೆ ಏನೂ ಬೇಡ.

ಬೆನ್ನನ್ನು ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ನೆನೆಸಿ, ಮೆತ್ತಗಾದ ಹಕ್ಕಳೆಗಳನ್ನಷ್ಟೇ ಬಿಡಿಸಿ, ಟವೆಲಿನಿಂದ ಪೂರ್ತಿ ಒಣಗಿಸುವುದು. ಒಣಗಿಸುವುದೇ ಮುಖ್ಯ ಔಷಧಿ. ಆಂಟಿಬಯಾಟಿಕ್ ಬೇಕಾಗಲಿಲ್ಲ. ಬ್ರಷ್ಷು, ರಗ್ಗು ಯಾವುದನ್ನೂ ಬೇರೆ ಕುದುರೆಗೆ ಬಳಸಬಾರದು, ಇದು ಅಂಟುತ್ತದೆ. ಜೀನು ಹಾಕುವುದು ಪೂರ್ತಿ ಬಂದ್.

ಕಾಲಿಗೆ ದಪ್ಪ ಹಾಸಿನ ಮೇಲೆ ವಿಶ್ರಾಂತಿ, ನೋವಿಗೆ ಫಿನೈಲ್‌ಬ್ಯುಟಾಜೋನ್, ಗೊರಸಿನ ತಳಕ್ಕೆ ಆಸರೆ. ಎಕ್ಸ್‌ರೇಯಲ್ಲಿ ಮೂಳೆ ತಿರುಗಿರಲಿಲ್ಲ, ಅದು ಅದೃಷ್ಟ. ಸಿಹಿ ಮಿಕ್ಸು ನಿಂತಿತು, ಹೇಲೇಜ್ ಬದಲು ಒಣಹುಲ್ಲು, ತೂಕ ಹಾಕಿ. ದಿನಕ್ಕೆ ಮೈತೂಕದ ಶೇ 1.5ರಷ್ಟು ಒಣ ಮೇವು. ಸಕ್ಕರೆ ಅಂಶ ಇಳಿಯಲಿ ಎಂದು ನೀರಿನಲ್ಲಿ ನೆನೆಸಿ ಕೊಡುವುದು. ವಿಟಮಿನ್ ಮತ್ತು ಖನಿಜಕ್ಕೆ ಒಂದು ಮುಷ್ಟಿ ಬ್ಯಾಲೆನ್ಸರ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಇನ್ಸುಲಿನ್ ತೊಂದರೆ ಇರುವ ಕೆಲವು ಕುದುರೆಗಳಿಗೆ ಕೊರೆವ ಚಳಿಯಲ್ಲಿ ಗೊರಸಿನ ನೋವು ಜಾಸ್ತಿಯಾಗುತ್ತದೆ. ಹಾಗಿದ್ದರೆ ರಗ್ಗು ಬೇಕಲ್ಲ ಎಂದು ಮಾಲೀಕರು ಆಸೆಯಿಂದ ಕೇಳಿದರು. ರಗ್ಗು ಕಾಲನ್ನು ಮುಚ್ಚುವುದೇ ಇಲ್ಲ. ಹಿಮಗಟ್ಟುವ ರಾತ್ರಿಗಳಲ್ಲಿ ಕಾಲಿಗೆ ಬಟ್ಟೆಪಟ್ಟಿ ಸುತ್ತಿದೆವು, ಬೆನ್ನು ಬರಿದಾಗಿಯೇ ಇತ್ತು.

ಮತ್ತೊಂದು ಮಾತು ಯಾರ್ಡಿನಲ್ಲಿ ಓಡಾಡುತ್ತಿತ್ತು. ರಗ್ಗು ಹಾಕಿದ ಕುದುರೆಗೆ ಬಿಸಿಲು ತಾಗದೆ ವಿಟಮಿನ್ ಡಿ ಕೊರತೆಯಾಗುತ್ತೆ ಎಂದು. ನ್ಯೂಜಿಲೆಂಡಿನಲ್ಲಿ ರಗ್ಗು ಹಾಕಿದ ಮತ್ತು ಹಾಕದ ಕುದುರೆಗಳನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಕುದುರೆ ಬಿಸಿಲಿನಿಂದ ವಿಟಮಿನ್ ಡಿ ಮಾಡಿಕೊಳ್ಳುವುದೇ ಬಹಳ ಕಡಿಮೆ ಎಂದು ಕಾಣುತ್ತದೆ. ರಗ್ಗಿನ ವಿರುದ್ಧ ಹೇಳಲು ಬೇಕಾದಷ್ಟಿದೆ, ಇದನ್ನು ಸೇರಿಸಬೇಕಿಲ್ಲ.

ಕುದುರೆಯನ್ನೇ ಕೇಳಿದವರು

ಯಾರ್ಡಿನ ಉಳಿದವರನ್ನು ಒಪ್ಪಿಸುವುದು ಬ್ರ್ಯಾಂಬಲ್ ಚಿಕಿತ್ಸೆಗಿಂತ ಕಷ್ಟವಾಯಿತು. ಡಿಸೆಂಬರ್‌ನಲ್ಲಿ ಒಂದು ಕುದುರೆ ಬರಿಮೈಯಲ್ಲಿ ನಿಂತಿದ್ದರೆ ದಾರಿಹೋಕರು ಪ್ರಾಣಿ ದಯಾ ಸಂಘಕ್ಕೆ ಫೋನ್ ಮಾಡುವುದುಂಟು. ಒಂದು ಸಂಜೆ ಎಲ್ಲರೂ ಸೇರಿದ್ದಾಗ ನಾರ್ವೆಯ ಪ್ರಯೋಗದ ಕಥೆ ಹೇಳಿದೆ. ಅಂಕಿ ಅಂಶಕ್ಕಿಂತ ಅದು ನಾಟಿತು.

2016ರಲ್ಲಿ ಪ್ರಕಟವಾದ ಕೆಲಸ. 23 ಕುದುರೆಗಳಿಗೆ ಮೂರು ಬಿಳಿ ಹಲಗೆಗಳ ಅರ್ಥ ಕಲಿಸಿದರು. ಅಡ್ಡಗೆರೆ ಇದ್ದರೆ ರಗ್ಗು ಹಾಕು. ಉದ್ದಗೆರೆ ಇದ್ದರೆ ತೆಗೆ. ಏನೂ ಬರೆಯದ ಹಲಗೆ ಎಂದರೆ ಈಗ ಹೇಗಿದೆಯೋ ಹಾಗೇ ಇರಲಿ. ಮೂಗಿನಿಂದ ಹಲಗೆ ಮುಟ್ಟಿದರೆ ಕ್ಯಾರೆಟ್ ಚೂರು. ಎರಡು ವಾರದೊಳಗೆ ಎಲ್ಲ ಕುದುರೆಗಳೂ ಕಲಿತವು. ಆಮೇಲೆ ಬೇರೆ ಬೇರೆ ಹವೆಯಲ್ಲಿ ಹೊರಗೆ ಬಿಟ್ಟು ಕೇಳಿದರು. ಬಿಸಿಲಿನ ದಿನ ರಗ್ಗು ಬೇಡ ಎಂದವು. ಮಳೆ, ಗಾಳಿ, ಚಳಿ ಒಟ್ಟಿಗೆ ಇದ್ದ ದಿನ ಹಾಕಿ ಎಂದವು. ಹವೆ ಬದಲಾದ ಹಾಗೆ ಉತ್ತರವೂ ಬದಲಾಯಿತು. ಬರೀ ಕ್ಯಾರೆಟ್ ಆಸೆಗೆ ಮುಟ್ಟಿದ್ದರೆ ಹಾಗಾಗುತ್ತಿರಲಿಲ್ಲ.

ಈ ಪ್ರಯೋಗ ರಗ್ಗಿನ ವಿರುದ್ಧದ ಸಾಕ್ಷಿ ಎಂದು ಕೆಲವರು ಎತ್ತಿ ಹೇಳುತ್ತಾರೆ. ಹಾಗಲ್ಲ. ಕೆಲವು ದಿನ ಕುದುರೆಗಳೇ ರಗ್ಗು ಕೇಳಿದವು. ಪೂರ್ತಿ ಕ್ಲಿಪ್ ಮಾಡಿಸಿದ್ದಕ್ಕೆ, ಹಲ್ಲು ಹೋದ ಮುದಿಗೆ, ಕಾಯಿಲೆಯಿಂದ ಸೊರಗಿದ್ದಕ್ಕೆ, ಮರೆಯಿಲ್ಲದ ಹೊಲದಲ್ಲಿ ನೆನೆಯುತ್ತಿರುವುದಕ್ಕೆ ರಗ್ಗು ಬೇಕು. ಆ ಯಾರ್ಡಿನಲ್ಲೇ ಇದ್ದ ಮೂಳೆ ಕಾಣುವ ಮುದಿ ಥರೋಬ್ರೆಡ್ ಒಂದಕ್ಕೆ ರಗ್ಗು ತೆಗೆಯಬೇಡಿ ಎಂದೇ ಹೇಳಿದೆ. ದಿನಕ್ಕೊಮ್ಮೆ ಬಿಚ್ಚಿ, ಕೈಯಾಡಿಸಿ, ಮತ್ತೆ ಹಾಕಿ ಎಂದಷ್ಟೇ.

ಆ ಸಂಜೆಯ ನಂತರ ಯಾರ್ಡಿನವರು ಒಂದು ಸಣ್ಣ ಬದಲಾವಣೆ ಮಾಡಿದರು. ರಗ್ಗು ಹಾಕುವುದಕ್ಕೆ ದುಡ್ಡು, ತೆಗೆಯುವುದಕ್ಕೆ ಬಿಟ್ಟಿ. ನನ್ನ ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು ಎಂದು ಅನ್ನಿಸುತ್ತದೆ.

ಮಾರ್ಚ್ ಹೊತ್ತಿಗೆ

ಚರ್ಮ ಮೂರು ವಾರದಲ್ಲಿ ಒಣಗಿತು, ಹೊಸ ಕೂದಲು ಮೂಡಿತು. ಭುಜದ ಬೋಳು ಜಾಗ ತುಂಬಿತು, ಹೆಗಲ ದಿಬ್ಬದ ಬಿಳಿ ಮಚ್ಚೆ ಹಾಗೇ ಉಳಿಯಿತು. ಅದು ಹೋಗುವುದಿಲ್ಲ. ಕುತ್ತಿಗೆ ಹೊದಿಕೆ ತೆಗೆದ ಮೇಲೆ ಪಕ್ಕದ ಕುದುರೆಯ ಜೊತೆ ಪರಸ್ಪರ ಬೆನ್ನು ಕೆರೆದುಕೊಳ್ಳುವುದು ಮತ್ತೆ ಶುರುವಾಯಿತಂತೆ. ರಗ್ಗಿನ ಮೇಲೆ ಹಲ್ಲಾಡಿಸಿ ಏನು ಸುಖ?

ತೂಕ ವಾರಕ್ಕೆ ಮೈತೂಕದ ಶೇ ಅರ್ಧದಿಂದ ಒಂದರಷ್ಟು ಇಳಿಯಬೇಕು, ಅದಕ್ಕಿಂತ ವೇಗ ಒಳ್ಳೆಯದಲ್ಲ. ಮಾರ್ಚ್ ಮಧ್ಯಕ್ಕೆ ಟೇಪಿನ ಲೆಕ್ಕದಲ್ಲಿ 45 ಕೆಜಿ ಹತ್ತಿರ ಇಳಿದಿತ್ತು. ಕುತ್ತಿಗೆಯ ದಿಬ್ಬ ಮೆತ್ತಗಾಗಿದೆ, ಹೋಗಿಲ್ಲ. ಜಲ್ಲಿ ಹಾದಿಯಲ್ಲಿ ಸಲೀಸಾಗಿ ನಡೆಯುತ್ತದೆ. ಜೀನು ನೋಡಿದರೆ ಕಚ್ಚಲು ಬರುವುದಿಲ್ಲ. ಹೊಟ್ಟೆಪಟ್ಟಿ ಬಿಗಿಯುವಾಗ ಮಾತ್ರ ಈಗಲೂ ಕಿವಿ ಮಡಚುತ್ತದೆ. ನೋವಿನ ನೆನಪೋ ಬೇರೆ ಕಾರಣವೋ ನೋಡಬೇಕು, ಹೊಟ್ಟೆ ಹುಣ್ಣಿಗೆ ಎಂಡೋಸ್ಕೋಪಿ ಮಾಡುವ ಮಾತಿದೆ.

ಇನ್ಸುಲಿನ್ ಇಳಿದಿದೆ, ಆದರೆ ಇನ್ನೂ ಗಡಿಯಲ್ಲೇ ಇದೆ. ಏಪ್ರಿಲ್ ಕೊನೆಗೆ ಹೊಸ ಹುಲ್ಲು ಚಿಗುರಿ ಸಕ್ಕರೆ ತುಂಬಿಕೊಂಡಾಗ ಮತ್ತೆ ರಕ್ತ ಪರೀಕ್ಷೆ. ಅಲ್ಲಿಯವರೆಗೆ ಮೂತಿಗೆ ಜಾಲರಿ ಕಟ್ಟಿ, ದಿನಕ್ಕೆ ಕೆಲವೇ ಗಂಟೆ ಮೇಯಲು ಬಿಡುವುದು. ಬರುವ ಚಳಿಗಾಲಕ್ಕೆ ಕ್ಲಿಪ್ ಇಲ್ಲ. ಮಾಲೀಕರು ಲೈನರ್ ಮತ್ತು ಎರಡು ದಪ್ಪ ರಗ್ಗುಗಳನ್ನು ಮಾರಿದ್ದಾರೆ. ಫ್ಲೀಸನ್ನು ಒಗೆದು ಇಟ್ಟುಕೊಂಡಿದ್ದಾರೆ, ಬೇಕಾಗಬಹುದು ಎಂದು.